ಪಿಂಚಣಿಯನ್ನು ತಡಮಾಡಿ ಕೇಳುವುದು ವಿವೇಕವೋ?



ಸುಗ್ಗಿ ಮುಗಿದು ರಾಶಿಯು ಕಣದಲ್ಲಿ ಬಿದ್ದಾಗ ಒಕ್ಕಲಿಗನ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಧಾನ್ಯವನ್ನು ಈಗಲೇ ಮಾರಿಬಿಡಬೇಕೋ, ಹಗೇವಿನಲ್ಲಿ ತುಂಬಿ ಧಾರಣೆ ಏರುವ ತನಕ ಕಾಯಬೇಕೋ? ಕಾಯುವವನನ್ನು ನಾವು ಸಾಮಾನ್ಯವಾಗಿ ವಿವೇಕಿಯೆಂದು ಹೊಗಳುತ್ತೇವೆ. ಆದರೆ ಮನೆಯಲ್ಲಿ ಮಕ್ಕಳು ಹಸಿದಿರುವಾಗ ಹಗೇವಿನ ಬಾಯನ್ನು ಮುಚ್ಚಿ ಕೂತವನನ್ನು ಯಾರೂ ವಿವೇಕಿಯೆನ್ನರು. ಹಾಗಾದರೆ ಕಾಯುವುದು ತನ್ನಷ್ಟಕ್ಕೆ ತಾನೇ ಸದ್ಗುಣವೋ?

ಈ ಪ್ರಶ್ನೆಯನ್ನು ಬ್ರಿಟನ್ ದೇಶದ ಒಂದು ಕಟ್ಟಳೆಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಇದು ದೂರದ ಮಾತೆಂದು ಯಾರೂ ತಿಳಿಯಬಾರದು. ಯಾಕಂದರೆ ನಮ್ಮ ನಾಡಿನಿಂದ ಹೋಗಿ ಅಲ್ಲಿಯ ಆಸ್ಪತ್ರೆಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದು ಮುಪ್ಪಿಗೆ ಮುಟ್ಟಿದವರು ಉಂಟು. ಅದಲ್ಲದೆ ನಮ್ಮ ದೇಶದ 1995ರ ನೌಕರರ ಪಿಂಚಣಿ ಯೋಜನೆಯಲ್ಲಿಯೂ 58ನೆಯ ವಯಸ್ಸಿನಲ್ಲಿ ಸಲ್ಲುವ ಪಿಂಚಣಿಯನ್ನು 60ರ ತನಕ ತಡೆದರೆ ವರ್ಷಕ್ಕೆ ನೂರಕ್ಕೆ 4ರಂತೆ ಹೆಚ್ಚಿಗೆ ದೊರೆಯುತ್ತದೆ.

ಬ್ರಿಟನಿನಲ್ಲಿ ವೃದ್ಧರ ಪಿಂಚಣಿಯ ಕಾನೂನು 1908ರಲ್ಲಿ ಹುಟ್ಟಿತು. 1909ನೆಯ ಜನವರಿ 1ರಿಂದ, 70 ವರ್ಷ ತುಂಬಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲ್ಲಿಂಗು ಸಿಕ್ಕಿತು. ಅದಕ್ಕಾಗಿ ಅವರ ವರಮಾನವನ್ನೂ ನಡತೆಯನ್ನೂ ಶೋಧಿಸುತ್ತಿದ್ದರು. 1948ರಿಂದ ಗಂಡಸರಿಗೆ 65ರಲ್ಲಿಯೂ ಹೆಂಗಸರಿಗೆ 60ರಲ್ಲಿಯೂ ಪಿಂಚಣಿ ಸಂದಿತು. ಆದರೆ ಅವರು ಕೆಲಸದಿಂದ ವಿರಮಿಸಿರಬೇಕೆಂಬ ನಿಬಂಧನೆ ಇತ್ತು. ವಿರಮಿಸಿದ ಮೇಲೆ ಮಿತಿಮೀರಿ ಗಳಿಸಿದರೆ ಪಿಂಚಣಿಯಲ್ಲಿ ಕಡಿತವಾಗುತ್ತಿತ್ತು. 1989ರಲ್ಲಿ ಆ ನಿಬಂಧನೆ ಹೋಯಿತು. ಅಂದಿನಿಂದ ಕೂಲಿಯನ್ನೂ ಪಿಂಚಣಿಯನ್ನೂ ಒಬ್ಬನೇ ಒಟ್ಟಿಗೆ ಪಡೆಯಬಹುದು. ಇಲ್ಲವೆ ದುಡಿಯುತ್ತಾ ಇದ್ದು ಪಿಂಚಣಿಯನ್ನು ಕೇಳದೆ ತಡೆಯಬಹುದು.

ಇಲ್ಲಿ ಕೆಲವರ ಮನಸ್ಸು ಹಿಂಜರಿಯುತ್ತದೆ. ಕೈಕಾಲು ಗಟ್ಟಿಯಾಗಿದ್ದು ಸಂಬಳ ಬರುತ್ತಿರುವಾಗ ಸರಕಾರದ ಹಣಕ್ಕೆ ಕೈಯೊಡ್ಡುವುದು ಲೋಭವಲ್ಲವೋ ಎಂದು ಅವರು ಕೇಳುತ್ತಾರೆ. ಈ ಸಂಕೋಚವು ಒಳ್ಳೆಯ ಮನಸ್ಸಿನಿಂದ ಬಂದದ್ದು. ಆದರೂ ಅದಕ್ಕೆ ಆಧಾರವಿಲ್ಲ. ಹೇಗಂದರೆ ಹೊಸ ಕಟ್ಟಳೆಯ ಪ್ರಕಾರ ಕನಿಷ್ಠ 10 ವರ್ಷಗಳ ವಂತಿಗೆ ದಾಖಲೆಯಾಗದಿದ್ದರೆ ಏನೂ ಸಿಗದು. ಪೂರ್ಣ ಪಿಂಚಣಿಗೆ ಸಾಮಾನ್ಯವಾಗಿ 35 ವರ್ಷ ಬೇಕು. ಹೊಲದಲ್ಲಿ ಮೂವತ್ತೈದು ಮಳೆಗಾಲ ಬಿತ್ತಿದವನು ತೆನೆ ಕೊಯ್ಯುವಾಗ ನಾಚಬೇಕೋ? ಅದು ಭಿಕ್ಷೆಯಲ್ಲ, ಸಲ್ಲತಕ್ಕ ಪಾಲು.

ಇನ್ನು ತಡೆಯುವುದರ ಲಾಭವೇನೆಂದು ನೋಡೋಣ. 2016ನೆಯ ಏಪ್ರಿಲ್ 6ರಿಂದೀಚೆಗೆ ಪಿಂಚಣಿಯ ವಯಸ್ಸಿಗೆ ಮುಟ್ಟಿದವರು ತಡೆದ ಪ್ರತಿ 9 ವಾರಗಳಿಗೆ ನೂರಕ್ಕೆ 1ರಂತೆ ಪಿಂಚಣಿ ಹೆಚ್ಚುತ್ತದೆ. ವರ್ಷಕ್ಕೆ ಸುಮಾರು 5.8 ಆಯಿತು. ಅದಕ್ಕೆ ಮೊದಲು ಮುಟ್ಟಿದವರಿಗೆ ವರ್ಷಕ್ಕೆ 10.4ರಂತೆ ಸಿಗುತ್ತಿತ್ತು. 2025ರ ಏಪ್ರಿಲಿನಿಂದ ಒಂದು ವರ್ಷ ಪೂರ್ಣ ಪಿಂಚಣಿಯು ವಾರಕ್ಕೆ 230.25 ಪೌಂಡು ಇತ್ತು. ಆ ಲೆಕ್ಕದಲ್ಲಿ ಒಂದು ವರ್ಷ ತಡೆದವನು ಸುಮಾರು 11,970 ಪೌಂಡು ಬಿಟ್ಟುಕೊಟ್ಟು, ಮುಂದೆ ವರ್ಷಕ್ಕೆ ಸುಮಾರು 690 ಪೌಂಡು ಹೆಚ್ಚಿಗೆ ಪಡೆಯುವನು. ಬಿಟ್ಟದ್ದು ಕೈಗೆ ತಿರಿಗಿ ಬರಲು 17 ವರ್ಷಗಳಿಗೂ ಮಿಕ್ಕಿ ಬೇಕು. ಆ ದೇಶದಲ್ಲಿ 65 ತುಂಬಿದ ಗಂಡಸು ಸರಾಸರಿ ಇನ್ನು ಸುಮಾರು 18 ವರ್ಷ, ಹೆಂಗಸು ಸುಮಾರು 21 ವರ್ಷ ಬದುಕುವರು. ಆದುದರಿಂದ ತಡೆಯುವುದು ಹೆಚ್ಚಿನವರಿಗೆ ದೊಡ್ಡ ಲಾಭವೂ ಅಲ್ಲ, ದೊಡ್ಡ ನಷ್ಟವೂ ಅಲ್ಲ. ಅದು ತನ್ನ ಆಯುಷ್ಯದ ಮೇಲೆ ಕಟ್ಟಿದ ಪಣ.

ಹಗೇವಿನ ಉಪಮೆಯು ಇಲ್ಲಿ ಪೂರಾ ಹೊಂದುವುದಿಲ್ಲ ಎಂಬದನ್ನು ಗಮನಿಸಬೇಕು. ಹಗೇವಿನಲ್ಲಿ ಜೋಳವಾದರೂ ಇರುತ್ತದೆ. ಯಜಮಾನನು ಸತ್ತರೆ ಅವನ ಹೆಂಡತಿ ಮಕ್ಕಳು ಅದನ್ನು ತೆಗೆದು ಉಣ್ಣುವರು. ಈ ಪಿಂಚಣಿಯಲ್ಲಾದರೋ ಅವನ ಹೆಸರಿನಲ್ಲಿ ಕಟ್ಟಿಟ್ಟ ಚೀಲವೊಂದೂ ಇಲ್ಲ. ಇಂದು ದುಡಿಯುವವರ ವಂತಿಗೆಯಿಂದಲೇ ಇಂದಿನ ಮುದುಕರಿಗೆ ಕೊಡಲಾಗುತ್ತದೆ. ಕಾಯುವವನಿಗೆ ಬೆಳೆಯುವುದು ಧನವಲ್ಲ, ಮಾತು ಮಾತ್ರ. ಹೊಸ ಕಟ್ಟಳೆಯಲ್ಲಿ ಹಾಗೆ ಬೆಳೆದ ಹೆಚ್ಚಳವು ಅವನ ವಿಧವೆಗೆ ಇಳಿದು ಬರುವುದಿಲ್ಲ.

ದೃಷ್ಟಾಂತಕ್ಕಾಗಿ ಒಬ್ಬನನ್ನು ಊಹಿಸೋಣ. ಅವನು 66ರಲ್ಲಿ ಪಿಂಚಣಿಯನ್ನು ಕೇಳದೆ ನಾಲ್ಕು ವರ್ಷ ದುಡಿದು, 70ರಲ್ಲಿ ಕೇಳಿ, 71ರಲ್ಲಿ ಮಡಿದನು. ಮೇಲಿನ ದರದಲ್ಲಿ ಅವನು ಬಿಟ್ಟದ್ದು ಸುಮಾರು 48,000 ಪೌಂಡು. ಹೆಚ್ಚಳವಾಗಿ ಪಡೆದದ್ದು ಒಂದೇ ವರ್ಷದ ಸುಮಾರು 2,770 ಪೌಂಡು. ಆ ನಾಲ್ಕು ವರ್ಷಗಳಲ್ಲಿ ಅವನ ಹೆಂಡತಿಯು ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದರೆ, ಆ ಮಿತವ್ಯಯವನ್ನು ನಾವು ಏನೆಂದು ಕರೆಯಬೇಕು? ಅವನು ತನ್ನ ನಾಳೆಯನ್ನು ಪೋಷಿಸುವೆನೆಂದು ಅವಳ ಇಂದನ್ನು ಕಸಕೊಂಡನು.

ಆದರೂ ಎಲ್ಲರಿಗೂ ಒಂದೇ ತೀರ್ಪು ಸಲ್ಲದು. ಶರೀರದಲ್ಲಿ ಆರೋಗ್ಯವಿದ್ದು, ಸಂಬಳವೇ ಮನೆಗೆ ಸಾಕಾಗುವವನು ತಡೆದರೆ ತಪ್ಪಿಲ್ಲ. ಹೆಚ್ಚು ಗಳಿಸುವವನು ದುಡಿಯುವಾಗಲೇ ಪಿಂಚಣಿ ಪಡೆದರೆ ಅದರ ಐದರಲ್ಲಿ ಎರಡು ಪಾಲು ತೆರಿಗೆಗೆ ಹೋಗಬಹುದು. ವಿರಮಿಸಿದ ಮೇಲೆ ಪಡೆದರೆ ಐದರಲ್ಲಿ ಒಂದೇ ಪಾಲು ಹೋದೀತು. ಅಂಥವನಿಗೆ 17 ವರ್ಷಗಳ ಲೆಕ್ಕವು ಸುಮಾರು 13ಕ್ಕೆ ಇಳಿಯುತ್ತದೆ. ಬಡ ಕೇರಿಯವನ ಸ್ಥಿತಿ ಬೇರೆ. ಆ ದೇಶದಲ್ಲಿಯೂ ಬಡವರು ಸಿರಿವಂತರಿಗಿಂತ ಎಷ್ಟೋ ವರ್ಷ ಮೊದಲೇ ಸಾಯುತ್ತಾರೆ. ಹೀಗಿರಲಾಗಿ ಸಿರಿವಂತನಿಗೆ ವಿವೇಕವಾದದ್ದು ಬಡವನಿಗೆ ಹಾನಿಯಾಗಬಹುದು. ವಿರಮಿಸಿ ಭಾರತಕ್ಕೆ ಬಂದು ನೆಲೆಸುವವನು ಇನ್ನೊಂದನ್ನು ನೆನಪಿನಲ್ಲಿಡಬೇಕು: ಬ್ರಿಟನಿನಲ್ಲಿದ್ದವರಿಗೆ ವರ್ಷ ವರ್ಷ ಸಿಗುವ ಏರಿಕೆಯು ಅವನಿಗೆ ಇಲ್ಲಿ ಸಿಗುವುದಿಲ್ಲ.

ಆದರೆ ಕಟ್ಟಳೆಯಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮತ್ತೊಂದು. ಈ ಪಿಂಚಣಿಯು ಕೇಳದೆ ಬರುವುದಿಲ್ಲ. ಕಾಲ ಬಂದಾಗ ಸುಮ್ಮನಿದ್ದವನನ್ನು, ತಡೆಯಲು ನಿಶ್ಚಯಿಸಿದವನಂತೆಯೇ ಎಣಿಸುತ್ತಾರೆ. ಬಂದ ಕಾಗದವನ್ನು ಓದದೆ ಪೆಟ್ಟಿಗೆಯಲ್ಲಿಟ್ಟವನಿಗೂ, ಮನೆಯವರ ಸಂಗಡ ಕೂತು ಲೆಕ್ಕ ಹಾಕಿ ತಡೆದವನಿಗೂ ಅಲ್ಲಿ ಭೇದವಿಲ್ಲ. ಬೇಕಾದರೆ ತಡವಾಗಿ ಕೇಳಿದವನು ಹಿಂದಿನ 12 ತಿಂಗಳ ತನಕದ ಬಾಕಿಯನ್ನು ಪಡೆಯಬಹುದು, ಆಗ ಆ ತಿಂಗಳುಗಳ ಹೆಚ್ಚಳ ಇಲ್ಲ. ಅದಕ್ಕೂ ಹಿಂದಿನದನ್ನು ಬಾಕಿಯಾಗಿ ಕೊಡುವುದಿಲ್ಲ. ಸರಕಾರಕ್ಕೆ ಭೇದವಿಲ್ಲದಿದ್ದರೂ ಮನಸ್ಸಾಕ್ಷಿಗೆ ಭೇದ ಉಂಟು. ಒಂದು ನಿರ್ಣಯ, ಇನ್ನೊಂದು ಅಲಕ್ಷ್ಯ. ಅಲಕ್ಷ್ಯಕ್ಕೆ ತಾಳ್ಮೆಯೆಂದು ಹೆಸರಿಟ್ಟು ನಮ್ಮನ್ನು ನಾವೇ ಮೋಸಪಡಿಸಬಾರದು.

ಸುಮ್ಮನಿರುವುದಕ್ಕೆ ಅನೇಕರಲ್ಲಿ ಒಂದು ಗುಪ್ತ ಕಾರಣವೂ ಇರುತ್ತದೆ. ಪಿಂಚಣಿಯ ಕಾಗದಕ್ಕೆ ರುಜು ಹಾಕಿದರೆ ತಾನು ಮುದುಕನಾದೆನೆಂದು ಒಪ್ಪಿಕೊಂಡ ಹಾಗೆ ಆಗುತ್ತದೆಂಬ ಅಳುಕು. ನೆರೆಹೊರೆಯವರ ಮುಂದೆ ಇನ್ನೂ ಗಟ್ಟಿಗನೆನಿಸಿಕೊಳ್ಳುವ ಆಶೆ. ನಮ್ಮೊಳಗೂ ಈ ಆಶೆ ಇಲ್ಲವೆನ್ನಲಾರೆವು. ಆದರೆ ತಲೆ ನರೆತದ್ದು ಕಾಗದವನ್ನು ಬಚ್ಚಿಟ್ಟ ಮಾತ್ರಕ್ಕೆ ಕಪ್ಪಾಗುವುದಿಲ್ಲ.

ಆದುದರಿಂದ ನಮ್ಮ ಮಾತಿನ ಸಾರವಿದು: ಕಾಯುವುದು ಗುಣವೂ ಅಲ್ಲ, ದೋಷವೂ ಅಲ್ಲ, ಆ ಕಾಯುವಿಕೆಯ ಭಾರವನ್ನು ಯಾರು ಹೊರುತ್ತಾರೆಂಬದರಿಂದ ಅದನ್ನು ತೂಗಬೇಕು. ತಾನೊಬ್ಬನೇ ಹೊರುವವನು ಕಾಯಲಿ. ಹೆಂಡತಿಯಾಗಲಿ, ಸಾಲ ಕೊಟ್ಟವನಾಗಲಿ, ಬೇನೆ ಬಿದ್ದ ಒಡಹುಟ್ಟಿದವನಾಗಲಿ ಅದನ್ನು ಹೊರಬೇಕಾದಲ್ಲಿ, ಅವರನ್ನು ಕರೆದು ಕೂಡ್ರಿಸಿ ಕೇಳಿದ ಮೇಲೆಯೇ ನಿಶ್ಚಯಿಸಲಿ. ಹಗೇವನ್ನು ಮುಚ್ಚುವ ಮೊದಲು ಒಲೆಯ ಕಡೆಗೊಮ್ಮೆ ನೋಡುವುದು ಒಳ್ಳೇದು.