ಮಾತು ಮುಗಿದ ಮರುದಿನ

ರೇಡಿಯೋ ಮತ್ತು ದೂರದರ್ಶನದ ಸಂವಾದ ಕಾರ್ಯಕ್ರಮಗಳು ಜನಾಭಿಪ್ರಾಯವನ್ನು ಎಷ್ಟರಮಟ್ಟಿಗೆ ಬದಲಿಸುತ್ತವೆ ಎಂದು ಮಾಧ್ಯಮ ಅಧ್ಯಯನಗಳು ಬಹುಕಾಲದಿಂದ ಕೇಳುತ್ತ ಬಂದಿವೆಯಾದರೂ, ಬೆಳಗಾವಿಯಂತಹ ಗಡಿನಗರದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು, ಅಲ್ಲಿ ಆಡಿದ ಮಾತಿನ ಜೊತೆ ಮರುದಿನ ಬದುಕಬೇಕಾದವರು ಯಾರು ಎಂಬುದನ್ನು. ಕೇಳುಗರ ಫೋನ್ ಕರೆ, ಸ್ಟುಡಿಯೋದ ಗುಂಪು ಚರ್ಚೆ, ಮನೆಜಗಳವನ್ನು ಕ್ಯಾಮೆರಾದೆದುರು ಪಂಚಾಯಿತಿಗೆ ಹಚ್ಚುವ ಕಾರ್ಯಕ್ರಮ, ಈ ಎಲ್ಲವನ್ನೂ ಇಲ್ಲಿ ಸಂವಾದವೆಂದೇ ಕರೆಯಲಾಗಿದೆ. ಇವುಗಳ ಪ್ರಭಾವವಿರುವುದು ಅಭಿಪ್ರಾಯಗಳಿಗಿಂತ ಹೆಚ್ಚಾಗಿ ಮಾತಿಗೂ ಅದರ ಹೊಣೆಗೂ ಇದ್ದ ನಂಟಿನ ಮೇಲೆ.

ಈ ನಂಟು ಉಳಿದಿದ್ದ ಒಂದು ಪ್ರಯೋಗ ಬೆಳಗಾವಿಯ ಪಕ್ಕದಲ್ಲೇ ನಡೆದಿತ್ತು. 1956ರಲ್ಲಿ ಆಕಾಶವಾಣಿಯ ಪುಣೆ ಕೇಂದ್ರವು ಯುನೆಸ್ಕೋ ನೆರವಿನಿಂದ, ಕೊಲ್ಹಾಪುರವೂ ಸೇರಿದಂತೆ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಗ್ರಾಮೀಣ ವೇದಿಕೆಗಳನ್ನು ಸ್ಥಾಪಿಸಿತು. ಆಗ ಬೆಳಗಾವಿಯೂ ಮುಂಬಯಿ ರಾಜ್ಯದಲ್ಲೇ ಇದ್ದು, ಮೈಸೂರು ರಾಜ್ಯಕ್ಕೆ ಸೇರಿದ್ದು ಅದೇ ವರ್ಷದ ನವೆಂಬರ್ 1ರಂದು. ಇಪ್ಪತ್ತರಷ್ಟು ಜನ ಒಟ್ಟಾಗಿ ಅರ್ಧ ಗಂಟೆಯ ಕಾರ್ಯಕ್ರಮವನ್ನು ಕೇಳುವುದು, ರೇಡಿಯೋ ಆರಿಸಿ ತಮ್ಮೊಳಗೆ ಚರ್ಚಿಸುವುದು, ಉಳಿದ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುವುದು, ಇದು ಅದರ ಕ್ರಮ. ಪ್ರಯೋಗವನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್, ವೇದಿಕೆಗಳಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಗಣನೀಯವಾಗಿ ಹೆಚ್ಚಿದ್ದನ್ನು ಕಂಡುಕೊಂಡರು. ಗಮನಿಸಬೇಕಾದದ್ದೇನೆಂದರೆ, ನಿಜವಾದ ಸಂವಾದ ಶುರುವಾಗುತ್ತಿದ್ದುದು ರೇಡಿಯೋ ಸುಮ್ಮನಾದ ಮೇಲೆ, ಮತ್ತು ಅದರಲ್ಲಿ ಎದುರುಬದುರಾದವರು ಮರುದಿನ ಅದೇ ಬಾವಿಯ ನೀರಿಗೆ, ಅದೇ ಸಂತೆಗೆ ಹೋಗಬೇಕಾದವರು. ವೇದಿಕೆ ಸೇರುತ್ತಿದ್ದ ಜಗುಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲೇ ನಿಂತು ಕೇಳಬೇಕು ಎಂಬುದನ್ನು ಜಾತಿಯೂ ಲಿಂಗವೂ ನಿರ್ಧರಿಸುತ್ತಿದ್ದ ಕಾಲವಾದ್ದರಿಂದ ಅದನ್ನು ಸುವರ್ಣಯುಗವೆಂದು ಹಾಡಿಹೊಗಳುವ ಕಾರಣವಿಲ್ಲ. ಆದರೂ ಅಲ್ಲಿ ಆಡಿದ ಮಾತಿಗೆ ಆಡಿದವನ ವಿಳಾಸವಿತ್ತು.

ಅದೇ 1956ರಲ್ಲಿ ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್, ನಿರೂಪಕನನ್ನು ದಿನವೂ ನೋಡುವ ವೀಕ್ಷಕನಲ್ಲಿ ಆತ ತನ್ನ ಪರಿಚಿತನೇ ಎಂಬ ಭಾವನೆ ಬೆಳೆಯುವುದನ್ನು ವಿವರಿಸಿದರು. ಕನ್ನಡದಲ್ಲಿ ಅದನ್ನು ಏಕಮುಖ ಆಪ್ತತೆ ಎನ್ನಬಹುದು: ಸಲಿಗೆಯೆಲ್ಲ ಉಂಟು, ಋಣ ಮಾತ್ರ ಇಲ್ಲ. ಮನೆಯ ಹಿರಿಯನಂತೆ ಗದರುವ ನಿರೂಪಕ, ಆ ಗದರಿಕೆಯಿಂದ ಮುರಿದ ಸಂಬಂಧವನ್ನು ಸರಿಪಡಿಸಲು ಯಾರ ಮನೆಗೂ ಹೋಗಬೇಕಾಗಿಲ್ಲ.

ನ್ಯಾಯದರ್ಶನವು ಚರ್ಚೆಯಲ್ಲಿ ಮೂರು ಬಗೆಗಳನ್ನು ಗುರುತಿಸುತ್ತದೆ: ಸತ್ಯವನ್ನು ಅರಿಯಲು ನಡೆಯುವ ವಾದ, ಗೆಲ್ಲಲು ನಡೆಯುವ ಜಲ್ಪ, ತನ್ನ ಪಕ್ಷವನ್ನೇ ಮುಂದಿಡದೆ ಎದುರಾಳಿಯದನ್ನು ಕೆಡವುವ ವಿತಂಡ. ಸುದ್ದಿವಾಹಿನಿಯ ರಾತ್ರಿ ಚರ್ಚೆ ಕೊನೆಯ ಎರಡಕ್ಕೆ ಸೇರಿದ್ದೆಂದು ಮೂಗು ಮುರಿಯುವುದು ಸುಲಭ. ಆದರೆ ಅವೆರಡನ್ನೂ ನ್ಯಾಯಸೂತ್ರ ಪೂರ್ತಿ ತಳ್ಳಿಹಾಕಿಲ್ಲ. ಮೊಳಕೆಗೆ ಮುಳ್ಳುಬೇಲಿಯಂತೆ, ಸತ್ಯದ ರಕ್ಷಣೆಗೆ ಅವೂ ಬೇಕೆನ್ನುತ್ತದೆ. ಆದ್ದರಿಂದ ದೋಷವಿರುವುದು ಜಗಳದಲ್ಲಲ್ಲ. ಬೇಲಿಯನ್ನೇ ಬೆಳೆಯೆಂದು ಮಾರುವುದರಲ್ಲಿ, ಮತ್ತು ಮಧ್ಯಸ್ಥನೇ ಒಂದು ಪಕ್ಷವನ್ನೂ ಹಿಡಿದು ತೀರ್ಪನ್ನೂ ಕೊಡುವುದರಲ್ಲಿ.

ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಒಂದೇ ಸೀರೆಯ ದರವನ್ನು ಒಬ್ಬರಿಗೆ ಮರಾಠಿಯಲ್ಲಿ ಹೇಳಿ, ಮುಂದಿನವರತ್ತ ತಿರುಗಿ ‘ತಗೋರೀ ಅಕ್ಕಾರ, ನಿಮಗಂತ ಕಡಿಮಿ ಮಾಡೇನಿ’ ಎನ್ನುವ ವ್ಯಾಪಾರಿಗೆ ಚರ್ಚೆಯ ಪರದೆಯ ಯಾವ ಕಿಟಕಿಯಲ್ಲಿ ಜಾಗ ಕೊಡಬೇಕು? ಗುಂಪು ಚರ್ಚೆಗೆ ವ್ಯಕ್ತಿಗಳು ಬೇಕಿಲ್ಲ, ಪ್ರತಿನಿಧಿಗಳು ಬೇಕು; ಪರದೆ ಸೀಳಿದೊಡನೆ ಎರಡು ಭಾಷೆಯ ಮನುಷ್ಯ ಒಂದನ್ನು ಬಾಗಿಲ ಹೊರಗೆ ಬಿಟ್ಟೇ ಒಳಬರಬೇಕು. ಬೆಳಗಾವಿ ಯಾವ ರಾಜ್ಯದ್ದೆಂಬ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ಕರ್ನಾಟಕ-ಮಹಾರಾಷ್ಟ್ರ ಗಡಿವ್ಯಾಜ್ಯ 2022ರ ಡಿಸೆಂಬರ್‌ನಲ್ಲಿ ಮತ್ತೆ ಕಾವೇರಿದಾಗ, 6ರಂದು ಹಿರೇಬಾಗೇವಾಡಿಯ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಳಿಯಲಾಯಿತು, 14ರಂದು ಕೇಂದ್ರ ಗೃಹಸಚಿವ ಅಮಿತ್ ಶಾ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ದೆಹಲಿಗೆ ಕರೆಸಿಕೊಂಡರು. ಇಂತಹ ಹೊತ್ತಿನಲ್ಲಿ ಚರ್ಚೆಯ ಕುರ್ಚಿ ಸಿಗುವುದು ಪಕ್ಷಗಳ ವಕ್ತಾರರಿಗೆ, ಸಂಘಟನೆಗಳ ಮುಖಂಡರಿಗೆ. ಬಸ್ಸು ನಿಂತಾಗ ಸಿಕ್ಕಿಹಾಕಿಕೊಳ್ಳುವವರು, ಆಸ್ಪತ್ರೆಗೂ ಪೇಟೆಗೂ ಬೆಳಗಾವಿಯನ್ನೇ ನೆಚ್ಚಿದ, ಗಡಿಯಾಚೆ ಮಹಾರಾಷ್ಟ್ರದ ಚಂದಗಡ ತಾಲೂಕಿನ ಮಂದಿ. ಟಿವಿ9ರ ಕನ್ನಡ ಮತ್ತು ಮರಾಠಿ ವಾಹಿನಿಗಳು ಒಂದೇ ಸಮೂಹದವಾಗಿದ್ದೂ ಪ್ರತ್ಯೇಕ ವೀಕ್ಷಕರಿಗಾಗಿ ಮಾತನಾಡುತ್ತವೆ ಎಂಬ ಸಂಗತಿ, ಈ ವಿಭಜನೆಯ ಹಿಂದೆ ಯಾರ ಸಂಚೂ ಬೇಕಿಲ್ಲವೆಂಬುದಕ್ಕೆ ಸಾಕ್ಷಿ. ಬೆಳಗಾವಿಯ ಒಂದೇ ಓಣಿಯ ಎರಡು ಮನೆಗಳು ಒಂದೇ ರಾತ್ರಿ ಎರಡು ಬೇರೆ ‘ನಾವು’ಗಳಾಗಲು ಮಾರುಕಟ್ಟೆಯ ವಿಂಗಡಣೆಯೇ ಸಾಕು.

ಬೆಳಗಾವಿ ಜಿಲ್ಲೆಯ ಖಾನಾಪುರದ ಪಾಡು ಇನ್ನೂ ವಿಚಿತ್ರ. ಕರ್ನಾಟಕ ಮತ್ತು ಗೋವಾ ನಡುವಿನ ಮಹದಾಯಿ ನದಿನೀರು ವಿವಾದದ ಕಳಸಾ ಮತ್ತು ಬಂಡೂರಿ ಹಳ್ಳಗಳೆರಡೂ ಈ ತಾಲೂಕಿನವು. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಇಲ್ಲಿನದೇ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿ, ಅದರಲ್ಲಿ 3.9 ಟಿಎಂಸಿಯನ್ನು ಮಲಪ್ರಭೆಗೆ ತಿರುಗಿಸಲು ಒಪ್ಪಿತು. ಆ ನೀರಿಗೆ ಕಾದಿರುವ ನರಗುಂದ, ನವಲಗುಂದದ ರೈತರ ಬಾಯಾರಿಕೆ ಸುಳ್ಳಲ್ಲ, ಗೋವಾದ ಆತಂಕವೂ ಪೊಳ್ಳಲ್ಲ. ಆದರೆ ಕರ್ನಾಟಕ ಒಂದು ಕಡೆ, ಗೋವಾ ಇನ್ನೊಂದು ಕಡೆ ಎಂದು ಹೂಡಿದ ಚರ್ಚೆಯಲ್ಲಿ ಹಳ್ಳದ ದಂಡೆಯವರು ಮೂರನೆಯವರಾಗಿಬಿಡುತ್ತಾರೆ. ಕಾಡು ಹೋದರೆ ನೀರೂ ಹೋದೀತು ಎನ್ನುವ ಖಾನಾಪುರದವನು ಕರ್ನಾಟಕದ ಪಕ್ಷದಲ್ಲಿ ಕೂತರೆ ನಾಡದ್ರೋಹಿ, ಗೋವಾದ ಪಕ್ಷದಲ್ಲಿ ಕೂತರೆ ಬಾಡಿಗೆಯ ಸಾಕ್ಷಿ. ಅವನ ಮಾತು ತಪ್ಪೋ ಸರಿಯೋ ಎಂಬ ಪರೀಕ್ಷೆಗೆ ಸರದಿಯೇ ಬರುವುದಿಲ್ಲ.

ಮಾತಿಗೆ ಹೊಣೆಯ ನಂಟಿರಬೇಕೆಂಬ ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಮರುದಿನ ಮುಖ ನೋಡಬೇಕೆಂಬ ಹಂಗೇ ಎಷ್ಟೋ ಸಲ ಬಾಯಿ ಕಟ್ಟುತ್ತದೆ; ಮನೆಯೊಳಗಿನ ಹಿಂಸೆಯನ್ನು ಊರ ಕಟ್ಟೆಯ ಮೇಲೆ ಹೇಳಲಾರದವಳು ಅಪರಿಚಿತ ನಿರೂಪಕಿಗೆ ಹೇಳಿಯಾಳು. 2012ರ ಮೇ 6ರಂದು ಆರಂಭವಾದ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೆ’ ಮೊದಲ ಕಂತಿನಲ್ಲೇ ಹೆಣ್ಣುಭ್ರೂಣಹತ್ಯೆಯ ಬಗ್ಗೆ ಅಂತಹ ಮಾತನ್ನು ಮನೆಮನೆಯ ನಡುಮನೆಗೆ ತಂದಿತು. ಡಬ್ಬಿಂಗ್ ವಿರೋಧದ ಕಾರಣ ಅದು ಕನ್ನಡದಲ್ಲಿ ಬರಲಿಲ್ಲ, ಮರಾಠಿಯಲ್ಲಿ ಬಂತು. ಅಂದರೆ ಬೆಳಗಾವಿಯ ಮರಾಠಿ ಮನೆಗೆ ತಾಯ್ನುಡಿಯಲ್ಲಿ ಸಿಕ್ಕಿದ್ದು ಪಕ್ಕದ ಕನ್ನಡ ಮನೆಗೆ ಸಿಗಲಿಲ್ಲ. ಭಾಷೆಯ ರಕ್ಷಣೆಯ ಹೆಸರಿನಲ್ಲಿ ಕನ್ನಡಿಗರು ತಮಗೆ ತಾವೇ ಮಾಡಿಕೊಂಡ ನಷ್ಟವಿದು. ಆಕ್ಷೇಪವನ್ನು ಒಪ್ಪಲೇಬೇಕು: ಒಬ್ಬರ ನೋವನ್ನು ಹೇಳಲು ದೂರ ಬೇಕಾಗುತ್ತದೆ. ಆದರೆ ಇಬ್ಬರ ವ್ಯಾಜ್ಯವನ್ನು ಬಗೆಹರಿಸಲು ಅದೇ ದೂರ ಅಡ್ಡಿ.

ಹತ್ತಿರದ ಮಾತಿಗೆ ದಾರಿಯೇ ಇಲ್ಲವೆಂದಲ್ಲ. ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸ್ಥಳೀಯರೇ ನಡೆಸುವ ಸಣ್ಣ ವ್ಯಾಪ್ತಿಯ ಸಮುದಾಯ ರೇಡಿಯೋಗೆ 2002ರಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ದೊರೆಯಿತು. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ವೇಣುಧ್ವನಿ 90.4 ಇದೆ. ಆದರೆ ಸಮುದಾಯ ಕೇಂದ್ರಗಳು ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಮರುಪ್ರಸಾರ ಮಾಡಬಹುದೇ ಹೊರತು, ರಾಜಕೀಯ ಸ್ವರೂಪದ ಪ್ರಚಲಿತ ವಿದ್ಯಮಾನಗಳ ಚರ್ಚೆಯನ್ನು ತಾವಾಗಿ ನಡೆಸುವಂತಿಲ್ಲ. ಗಡಿಯಲ್ಲಿ ಮಾತು ಕಿಡಿಯಾದೀತೆಂಬ ಭಯ ಇದಕ್ಕೆ ಸಮರ್ಥನೆಯಾದರೆ, ಆ ಭಯ ತಪ್ಪು ವಿಳಾಸಕ್ಕೆ ಹೋಗಿದೆ: ಮಕ್ಕಳ ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡಬಲ್ಲ ಪಕ್ಕದ ಕೇಂದ್ರಕ್ಕೆ ಗಡಿಯ ಬಗ್ಗೆ ಬಾಯಿ ಬಿಡಲಾಗದು, ಮರುದಿನ ಇಲ್ಲಿರದ ಬೆಂಗಳೂರು ಮುಂಬಯಿಗಳ ಸ್ಟುಡಿಯೋಗೆ ತಡೆಯಿಲ್ಲ. ನಿಷೇಧ ನಾಳೆಯೇ ಸಡಿಲವಾದರೂ, ಸಾಮಾನ್ಯವಾಗಿ 100 ವ್ಯಾಟ್‌ಗೆ ಮಿತಿಗೊಳಿಸಿದ ಇಂತಹ ಕೇಂದ್ರದ ಧ್ವನಿ ಸಹ್ಯಾದ್ರಿಯ ಏರಿಳಿತಗಳನ್ನು ದಾಟಿ ಕಣಕುಂಬಿಯನ್ನು ಮುಟ್ಟದು. ಅಲ್ಲಿಗೆ ಬೇರೆಯದೇ ಕೇಂದ್ರ ಬೇಕು, ಅದು ಮರಾಠಿ, ಕನ್ನಡ, ಕೊಂಕಣಿ ಮೂರರಲ್ಲೂ ಮಾತನಾಡಬೇಕು.