ತುಕ್ಕಿನ ಮೇಲೊಂದು ಹೊಳಪು

ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ ಬಳಿಸಿದರೆ ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಸುಣ್ಣದ ಕೆಳಗಿರುವುದು ಹಳೇ ಗೋಡೆಯೇ ಎಂದು ಬಂದ ನೆಂಟರಿಗೂ ಗೊತ್ತು. ಹೆಣ್ಣು ನೋಡಲು ಬರುವವರಿದ್ದಾರೆಂದು ಹುಡುಗಿಗೆ ತುಸು ಪೌಡರ್ ಹಚ್ಚಿದರೂ ಅಷ್ಟೇ. ಆದರೆ ಹಳೆಯ ಕಾರಿಗೆ ಬಣ್ಣ ಹೊಡೆಯುವ ಮಾತು ಬಂದಾಗ ನನಗೆ ವಿಷಯ ಇಷ್ಟು ಸಲೀಸೆನಿಸಲಿಲ್ಲ.

ಮುಳಬಾಗಿಲಿನಲ್ಲಿರುವ ನನ್ನ ತಮ್ಮನ ಹತ್ತಿರ ಒಂದು ಮಾರುತಿ 800 ಇದೆ. ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರು ಕೊಳ್ಳುತ್ತೇವೆಂದಿದ್ದಾರೆ. ಅಷ್ಟರೊಳಗೆ ಮನೆಯ ಮುಂದೆಯೇ ನಿಲ್ಲಿಸಿಕೊಂಡು ಬಣ್ಣ ಹೊಡೆಯಬೇಕೆಂದು ಅವನ ಆಸೆ. "ಅಕ್ಕಾ, ಯಾವ ಪೇಂಟು ತರಲಿ?" ಎಂದು ಕೇಳಿದ. ಗಂಡಸರ ಈ ಉಸಾಬರಿ ನಮಗೇಕೆ ಎನ್ನಬೇಡಿ. ಮನೆ ಮುಂದೆ ನಡೆಯುವ ಕೆಲಸದ ವಾಸನೆ ಮೊದಲು ಬರುವುದು ಅಡುಗೆಮನೆಗೇ.

ಎನಾಮೆಲ್ ಪೇಂಟನ್ನು ಬ್ರಷ್ಷಿನಲ್ಲೇ ಬಳಿಯಬಹುದು. ಆದರೆ ಅದು ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ನಮ್ಮ ಕೋಲಾರದ ಕಡೆಯ ಕೆಮ್ಮಣ್ಣಿನ ಧೂಳು ಅಷ್ಟು ಹೊತ್ತು ಸುಮ್ಮನಿರುತ್ತದೆಯೇ? ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದಲ್ಲಿರುವವರನ್ನು ಕೇಳಿ ನೋಡಿ. ಎನ್.ಸಿ. ಪೇಂಟು ಥಿನ್ನರ್ ಆರಿದೊಡನೆ ಒಣಗುತ್ತದೆ, ಧೂಳಿಗೆ ಬಿಡುವು ಕೊಡುವುದಿಲ್ಲ. ಆದರೆ ಹಲವು ಸಲ ಹೊಡೆಯಬೇಕು, ಆಮೇಲೆ ಪಾಲಿಷ್ ಮಾಡಬೇಕು, ಬಿಸಿಲಿಗೆ ಬೇಗ ಮಂಕಾಗುತ್ತದೆ. ಮೂರನೆಯದು ಟೂ-ಕೆ, ಎಂದರೆ ಬಣ್ಣಕ್ಕೆ ಹಾರ್ಡ್‌ನರ್ ಬೆರೆಸಿ ಹೊಡೆಯುವುದು. ಕನ್ನಡಿಯಂಥ ಹೊಳಪು, ಪೆಟ್ರೋಲ್ ಚೆಲ್ಲಿದರೂ ಜಗ್ಗದು. ತಮ್ಮನ ಮನಸ್ಸಿದ್ದದ್ದು ಅದರ ಮೇಲೇ.

ಆ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಎಂಬ ವಸ್ತುವಿದೆ. ಸ್ಪ್ರೇ ಮಾಡುವಾಗ ಅದು ಮಂಜಿನಂತೆ ತೇಲಿ ಉಸಿರಿನೊಳಕ್ಕೆ ಹೋಗಿ ಆಸ್ತಮಾ ತರಬಲ್ಲದು. ಒಮ್ಮೆ ದೇಹಕ್ಕೆ ಅದು ಆಗದಂತಾದರೆ ಮುಂದೆ ಅತಿ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವೇ ಬೇಕು. ತಮ್ಮ ಸ್ಪ್ರೇ ಹಿಡಿಯಲು ಗೊತ್ತುಮಾಡಿದ್ದ ಹುಡುಗನಿಗೆ ಹತ್ತೊಂಬತ್ತು ವರ್ಷ. ಪಕ್ಕದ ಮನೆಯಲ್ಲಿ ಬಾಣಂತಿ. ಎದುರು ಮಹಡಿಯ ಮೇಲೆ ಸಂಡಿಗೆ ಒಣಗುತ್ತಿರುತ್ತದೆ. ನಮ್ಮ ಕಾರಿನ ಹೊಳಪಿಗೆ ಅವರು ಉಸಿರು ತೆರಬೇಕೇ? ಇದರಲ್ಲಿ ನನಗೆ ಎರಡನೆಯ ಯೋಚನೆಯೇ ಬರಲಿಲ್ಲ.

ಕಷ್ಟವಿರುವುದು ಬಣ್ಣದ ಕೆಳಗೆ. ಕಾರಿನ ತಳದ ತಗಡು ಎರಡು ಕಡೆ ತುಕ್ಕು ತಿಂದಿದೆ. ಪಟ್ಟಿ ಮೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ, ಮೇಲೆ ಬಣ್ಣ ಹೊಡೆದರೆ ಯಾರ ಕಣ್ಣಿಗೂ ಬೀಳದು. ಪಟ್ಟಿ ತೇವ ಹೀರುವ ವಸ್ತುವಾದ್ದರಿಂದ ತುಕ್ಕು ಮಾತ್ರ ಒಳಗೊಳಗೇ ತಿನ್ನುತ್ತಿರುತ್ತದೆ. "ಅನುಮಾನವಿದ್ದವರು ಆಯಸ್ಕಾಂತ ಇಟ್ಟು ನೋಡಿಕೊಳ್ಳಲಿ, ಪಟ್ಟಿ ಇದ್ದ ಕಡೆ ಅಂಟುವುದಿಲ್ಲ" ಎನ್ನುತ್ತಾನೆ ತಮ್ಮ. ಅದು ಸಂತೆಯ ನ್ಯಾಯ. ಸೊಪ್ಪಿನವಳು ನೀರು ಚಿಮುಕಿಸಿರುತ್ತಾಳೆಂಬುದು ಅವಳಿಗೂ ಗೊತ್ತು, ನಮಗೂ ಗೊತ್ತು, ಅದರಲ್ಲಿ ವಂಚನೆಯಿಲ್ಲ. ಪಟ್ಟಿಯ ಕೆಳಗಿನ ತೂತು ಮಾರುವವನೊಬ್ಬನಿಗೇ ಗೊತ್ತು. ಆ ತಳದ ಮೇಲೆ ನಾಳೆ ಯಾರದೋ ಮಕ್ಕಳು ಕಾಲಿಟ್ಟು ಕೂರುತ್ತಾರೆ.

ಹಾಗೆಂದು ತಮ್ಮನನ್ನು ನಾನು ಹೀಗಳೆಯಲಾರೆ. ಮಗಳ ಕಾಲೇಜಿಗೆ ಫೀಸು ಕಟ್ಟಬೇಕು. ತುಕ್ಕಿದೆ ಎಂದು ಬಾಯಿಬಿಟ್ಟು ಹೇಳಿದರೆ ಬೆಲೆ ಇಳಿಯುತ್ತದೆ. ಸತ್ಯ ಹೇಳು ಎಂದು ಉಪದೇಶ ಮಾಡುವ ನಾವು ಆ ಇಳಿದ ಹಣವನ್ನು ತುಂಬಿಕೊಡುತ್ತೇವೆಯೇ? ಸ್ವಲ್ಪವಾದರೂ ಕೊಡಬೇಕೆಂದು ನನಗನ್ನಿಸಿತು. ತುಕ್ಕು ಹಿಡಿದ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸುವ ಖರ್ಚಿನಲ್ಲಿ ಅರ್ಧ ನನ್ನದು ಎಂದೆ. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಒಂದು ತಮಾಷೆ ನೋಡಿ. ಕಾರಿನ ಬಣ್ಣ ಬದಲಾದರೆ ಆರ್.ಟಿ.ಓ. ಕಚೇರಿಗೆ ಹೋಗಿ ಆರ್.ಸಿ.ಯಲ್ಲಿ ಬರೆಸಬೇಕು. ಬಿಳಿಯೋ ಕೆಂಪೋ ಎಂದು ಸರ್ಕಾರಕ್ಕೆ ಗೊತ್ತಿರಲೇಬೇಕು. ತುಕ್ಕನ್ನು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಅದನ್ನು ವ್ಯಾಪಾರಿಗೆ ಬಾಯಲ್ಲೇ ಹೇಳಬೇಕು, ಬಣ್ಣ ಹೊಡೆಯುವ ಮುಂಚೆಯೇ ಕರೆದು ತೋರಿಸಿದರೆ ಇನ್ನೂ ಒಳ್ಳೆಯದು.