ಗಾಯದ ಋಣ: ಕರ್ಮಸಿದ್ಧಾಂತ ಮತ್ತು ಕಾರ್ಮಿಕ ಪರಿಹಾರ

ದುಡಿಮೆಯ ನಡುವೆ ಒಬ್ಬನ ಕೈ ಮುರಿದಾಗ, ಕಣ್ಣು ಹೋದಾಗ ಅಥವಾ ಪ್ರಾಣವೇ ಹೋದಾಗ ಎರಡು ಪ್ರಶ್ನೆಗಳು ಏಳುತ್ತವೆ. ಇದು ಈತನಿಗೇ ಏಕೆ ಒದಗಿತು ಎಂಬುದು ಒಂದು. ಆದ ನಷ್ಟವನ್ನು ತುಂಬಿಕೊಡಬೇಕಾದವರು ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಭಾರತೀಯ ದರ್ಶನಗಳು ಕರ್ಮಸಿದ್ಧಾಂತದ ಮೂಲಕ ಉತ್ತರ ಹೇಳುತ್ತ ಬಂದಿವೆ. ಎರಡನೆಯದಕ್ಕೆ 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯಿಂದ ಮೊದಲ್ಗೊಂಡು ಶಾಸನವು ಉತ್ತರ ಕೊಟ್ಟಿದೆ. ಈ ಎರಡು ಉತ್ತರಗಳು ಪರಸ್ಪರ ವಿರುದ್ಧವೇ, ಕರ್ಮವನ್ನು ನಂಬುವವನು ಪರಿಹಾರವನ್ನು ಹಕ್ಕಾಗಿ ಕೇಳುವುದು ಅವನ ನಂಬಿಕೆಗೆ ಕುಂದೇ ಎಂಬುದು ಇಲ್ಲಿನ ವಿಚಾರ.

2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಯ ಕನಕಪುರ ತಾಲ್ಲೂಕಿನಲ್ಲಿ, ಮಳವಳ್ಳಿ ಕೊಳ್ಳೇಗಾಲಗಳತ್ತ ಹೋಗುವ ಹೆದ್ದಾರಿಯ ಮೇಲಿರುವ ಸಾತನೂರು ಹೋಬಳಿಯಂಥ ಕಡೆ ಈ ವಿಚಾರ ಬರಿಯ ತರ್ಕವಾಗಿ ಉಳಿಯುವುದಿಲ್ಲ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲಾಪಟ್ಟಿ ಈ ಸೀಮೆಯ ಮೂಲಕ ಹಾದುಹೋಗಿದ್ದು, ಬಂಡೆ ಒಡೆಯುವ ಕೆಲಸವೂ ರೇಷ್ಮೆಯ ಕೆಲಸವೂ ತಾಲ್ಲೂಕಿನ ಅನೇಕರಿಗೆ ಅನ್ನ ಕೊಟ್ಟಿವೆ. ಕಲ್ಲುಗಣಿಯಲ್ಲಿ ಸಿಡಿಮದ್ದು, ಜಾರುವ ಬಂಡೆ ಮತ್ತು ಶ್ವಾಸಕೋಶಕ್ಕೆ ಇಳಿಯುವ ದೂಳು ಅಪಾಯ ತಂದರೆ, ನೂಲು ಬಿಚ್ಚುವ ಮನೆಯಲ್ಲಿ ಕುದಿಯುವ ನೀರು ಮತ್ತು ಬಾಯ್ಲರ್ ಅಪಾಯ ತರುತ್ತವೆ. ಇದೇ ಹೋಬಳಿಯ ಕಬ್ಬಾಳಿನಲ್ಲಿ ಕಬ್ಬಾಳಮ್ಮನ ಗುಡಿಯಿದ್ದು, ಅಪಘಾತವಾದ ಮನೆಯವರು ಆಸ್ಪತ್ರೆಗೆ ಓಡುವ ದಿನವೇ ಹರಕೆಯನ್ನೂ ಹೊರುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ತೊಡಕು ಹುಟ್ಟುವುದು, ‘ಅವನು ಪಡೆದುಕೊಂಡು ಬಂದದ್ದು’ ಎಂಬ ಮಾತು ಸಂತೈಸುವವರ ಬಾಯಿಂದ ಮಾಲೀಕನ ಅಥವಾ ಮೇಸ್ತ್ರಿಯ ಬಾಯಿಗೆ ದಾಟಿದಾಗ.

ಕರ್ಮಸಿದ್ಧಾಂತ ಯಾವ ಕಾರಣಕ್ಕೆ ಹುಟ್ಟಿತು ಎಂಬುದನ್ನು ಮೊದಲು ನೋಡಬೇಕು. ಕೂಡಿಟ್ಟ ಕರ್ಮವನ್ನು ಸಂಚಿತವೆಂದೂ, ಅದರಲ್ಲಿ ಈ ಜನ್ಮದಲ್ಲಿ ಫಲಕೊಡಲು ತೊಡಗಿದ್ದನ್ನು ಪ್ರಾರಬ್ಧವೆಂದೂ, ಈಗ ಮಾಡುತ್ತಿರುವುದರಿಂದ ಮುಂದೆ ಬರುವುದನ್ನು ಆಗಾಮಿಯೆಂದೂ ವೇದಾಂತಿಗಳು ವಿಂಗಡಿಸುತ್ತಾರೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈಶ್ವರನ ಮೇಲೆ ವೈಷಮ್ಯ ಮತ್ತು ನೈರ್ಘೃಣ್ಯ, ಅಂದರೆ ಪಕ್ಷಪಾತ ಮತ್ತು ನಿರ್ದಯತೆ, ಎಂಬ ಎರಡು ಆರೋಪಗಳು ಬಂದಾಗ, ಪ್ರಾಣಿಗಳ ಕರ್ಮವನ್ನು ಅನುಸರಿಸಿಯೇ ಈಶ್ವರನು ಫಲ ಕೊಡುತ್ತಾನೆಂಬ ಸಮಾಧಾನವನ್ನು ಅಲ್ಲಿ ಹೇಳಲಾಗಿದೆ. ಹೀಗಾಗಿ ಆ ವಾದದ ಉದ್ದೇಶ ಈಶ್ವರನನ್ನು ದೋಷಮುಕ್ತನನ್ನಾಗಿಸುವುದೇ ಹೊರತು ಕಲ್ಲುಗಣಿಯ ಮಾಲೀಕನನ್ನು ದೋಷಮುಕ್ತನನ್ನಾಗಿಸುವುದಲ್ಲ. ದರ್ಶನಕಾರರು ಇನ್ನೆರಡು ದೋಷಗಳನ್ನೂ ಹೆಸರಿಸಿದ್ದಾರೆ: ಮಾಡಿದ್ದರ ಫಲ ಮಾಡಿದವನಿಗೆ ತಪ್ಪಿಹೋಗುವುದು ಕೃತಹಾನಿ, ಮಾಡದ್ದರ ಫಲ ಮಾಡದವನ ತಲೆಗೆ ಬರುವುದು ಅಕೃತಾಭ್ಯಾಗಮ. ಇವೆರಡೂ ಇರಬಾರದೆಂಬುದು ಕರ್ಮಸಿದ್ಧಾಂತದ ಒಳಗಿನ ಹಟ. ಒಬ್ಬನು ಒಡೆದ ಕಲ್ಲಿನ ಲಾಭ ಇನ್ನೊಬ್ಬನಿಗೆ ಹೋಗಿ, ಅದೇ ಕೆಲಸದ ಅಪಾಯ ಮಾತ್ರ ಪೂರ್ತಿಯಾಗಿ ಒಡೆದವನಲ್ಲೇ ಉಳಿದರೆ, ಈ ಎರಡು ದೋಷಗಳನ್ನು ಕಣ್ಣೆದುರಿನ ಲೋಕದಲ್ಲಿ ಮನುಷ್ಯರೇ ಮಾಡಿಟ್ಟಂತಾಗುತ್ತದೆ. ಅದನ್ನು ಕರ್ಮದ ಹೆಸರಿನಲ್ಲಿ ಸಮರ್ಥಿಸುವವನು ಕರ್ಮಸಿದ್ಧಾಂತವನ್ನೇ ತಿರುವುಮುರುವು ಮಾಡಿದ್ದಾನೆ.

ಎಲ್ಲ ನೋವಿಗೂ ಹಿಂದಿನ ಕರ್ಮವೇ ಕಾರಣವೆಂದು ಎಲ್ಲ ಪಂಥಗಳೂ ಒಪ್ಪಿದ್ದಿಲ್ಲ. ಪಾಳಿಯ ಸಂಯುತ್ತನಿಕಾಯದಲ್ಲಿ ಬುದ್ಧನು ಮೋಳಿಯ ಸೀವಕನೆಂಬ ಪರಿವ್ರಾಜಕನಿಗೆ ನೋವಿನ ಎಂಟು ಕಾರಣಗಳನ್ನು ಹೇಳುವಾಗ ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಎಚ್ಚರವಿಲ್ಲದ ನಡವಳಿಕೆ, ಹೊರಗಿನ ಪೆಟ್ಟು ಮುಂತಾದವನ್ನು ಎಣಿಸಿ, ಕರ್ಮದ ಫಲವನ್ನು ಅವುಗಳಲ್ಲಿ ಒಂದಾಗಿ ಮಾತ್ರ ಇಡುತ್ತಾನೆ. ಕರ್ಮವನ್ನು ಪೂರ್ತಿಯಾಗಿ ಒಪ್ಪಿದರೂ ವಾದ ಒಂದೇ ಕಡೆಗೆ ವಾಲುವುದಿಲ್ಲ, ಏಕೆಂದರೆ ಗಾಯಗೊಳ್ಳುವುದು ಕೂಲಿಯವನ ಪ್ರಾರಬ್ಧವಾದರೆ ಹಣ ತೆರುವುದು ಮಾಲೀಕನ ಪ್ರಾರಬ್ಧವೆಂದೂ ಅಷ್ಟೇ ಬಲವಾಗಿ ಹೇಳಬಹುದು. ಕಳುವಾದ ಲಾರಿಗೆ ವಿಮೆ ಕೇಳಲು ಹೊರಟ ಮಾಲೀಕನಿಗೆ ಹಣೆಬರಹದ ಪಾಠ ಹೇಳುವವರು ಯಾರೂ ಇಲ್ಲ.

ಹೊಣೆಯನ್ನು ಗಾಯಾಳುವಿನ ಮೇಲೆಯೇ ಹೊರಿಸುವ ಜಾಣತನ ಈ ದೇಶದ್ದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ 1837ರ ಪ್ರೀಸ್ಟ್ಲಿ ವಿರುದ್ಧ ಫೌಲರ್ ಮೊಕದ್ದಮೆಯಲ್ಲಿ, ಹೆಚ್ಚು ಹೊರೆ ಹೇರಿದ ಬಂಡಿ ಮುರಿದು ತೊಡೆ ಮುರಿದುಕೊಂಡ ಕಟುಕನ ಆಳಿಗೆ ಕೊನೆಗೆ ಏನೂ ದಕ್ಕಲಿಲ್ಲ. ಅಪಾಯವನ್ನು ಅರಿತೇ ಕೆಲಸಕ್ಕೆ ಸೇರಿದವನು ಅದನ್ನು ತಾನೇ ಹೊರಬೇಕೆಂಬ ತತ್ತ್ವ ಬಹುಕಾಲ ಅಲ್ಲಿನ ನ್ಯಾಯಾಲಯಗಳಲ್ಲಿ ನಡೆಯಿತು. ಜರ್ಮನಿ 1884ರಲ್ಲಿ ಅಪಘಾತ ವಿಮೆಯನ್ನೂ ಬ್ರಿಟನ್ 1897ರಲ್ಲಿ ಪರಿಹಾರದ ಕಾಯ್ದೆಯನ್ನೂ ತಂದ ಮೇಲೆ, ಭಾರತದ ಕಾಯ್ದೆ 1923ರಲ್ಲಿ ರಚಿತವಾಗಿ 1924ರ ಜುಲೈ 1ರಂದು ಜಾರಿಗೆ ಬಂದಿತು. ಯಾರ ತಪ್ಪು ಎಂದು ಕೇಳದಿರುವುದು ಈ ಕಾಯ್ದೆಯ ತಿರುಳು: ಗಾಯವು ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆಗಿದ್ದರೆ ಮಾಲೀಕನು ತೆರಬೇಕು. ಗಾಯಗೊಂಡವನು ಕುಡಿದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದರೆ ಮಾಲೀಕನಿಗೆ ವಿನಾಯಿತಿಯುಂಟು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಸಂಭವಿಸಿದಲ್ಲಿ ಆ ವಿನಾಯಿತಿಯೂ ನಿಲ್ಲುವುದಿಲ್ಲ.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ: ದೇವರು ಕೊಟ್ಟ ದೇಹಕ್ಕೆ ಬೆಲೆ ಕಟ್ಟುವುದು ಸರಿಯೇ? ಕಾಯ್ದೆಯ ಲೆಕ್ಕವನ್ನು ಬಿಡಿಸಿ ನೋಡಿದರೆ ಆಕ್ಷೇಪ ಸ್ವಲ್ಪ ಸಡಿಲವಾಗುತ್ತದೆ. ತಿಂಗಳ ವೇತನದ ಶೇಕಡಾ 60ನ್ನು ವಯಸ್ಸಿಗೆ ತಕ್ಕ ಗುಣಕಾಂಕದಿಂದ ಗುಣಿಸಿದರೆ ಪೂರ್ಣ ಅಂಗವೈಕಲ್ಯದ ಪರಿಹಾರ, ಶೇಕಡಾ 50ನ್ನು ಗುಣಿಸಿದರೆ ಸಾವಿನ ಪರಿಹಾರ ಬರುತ್ತದೆ. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ವೇತನ ರೂ. 15,000 ಆಗಿದ್ದು, 30 ವರ್ಷದವನ ಗುಣಕಾಂಕ 207.98 ಆಗಿರುವುದರಿಂದ, ಅಂಥವನ ಪೂರ್ಣ ವೈಕಲ್ಯಕ್ಕೆ ರೂ. 18,71,820, ಸಾವಿಗೆ ರೂ. 15,59,850 ಆಗುತ್ತದೆ. ಸತ್ತವನಿಗಿಂತ ಬದುಕಿ ಉಳಿದವನಿಗೆ ಹೆಚ್ಚು ಸಲ್ಲುವುದು ಮೇಲುನೋಟಕ್ಕೆ ವಿಚಿತ್ರವಾಗಿ ಕಂಡರೂ, ಕಾಯ್ದೆ ಅಳೆಯುತ್ತಿರುವುದು ಜೀವದ ಬೆಲೆಯನ್ನಲ್ಲ, ಕಳೆದುಹೋದ ಗಳಿಕೆಯನ್ನು ಮತ್ತು ಇನ್ನೂ ಉಣ್ಣಬೇಕಾದ ಬಾಯಿಯನ್ನು ಎಂಬುದನ್ನು ಅದು ತೋರಿಸುತ್ತದೆ. ಕಾಯ್ದೆಯ ಅನುಸೂಚಿಯಲ್ಲಿ ಗಳಿಕೆಯ ಸಾಮರ್ಥ್ಯದ ನಷ್ಟ ಹೆಬ್ಬೆರಳಿಗೆ ಶೇಕಡಾ 30, ತೋರುಬೆರಳಿಗೆ 14 ಎಂದಿದೆ. ಏಕಲವ್ಯನ ಹೆಬ್ಬೆರಳಿಗೂ ಈ ಪಟ್ಟಿಯಂತೆ ಮೂವತ್ತೇ ಸಿಗಬೇಕಿತ್ತು, ಬಿಲ್ಲುಗಾರನಾಗಿ ಅವನು ಕಳೆದುಕೊಂಡದ್ದು ನೂರಾದರೂ. ಈ ಕೊರತೆಯನ್ನು ಸುಪ್ರೀಂ ಕೋರ್ಟ್ 1975ರಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಮೊಕದ್ದಮೆಯಲ್ಲಿ ಗುರುತಿಸಿತು: ಎಡಗೈಯನ್ನು ಮೊಣಕೈಯ ಮೇಲೆ ಕಳೆದುಕೊಂಡ ಬಡಗಿಯೊಬ್ಬನು ಒಂದೇ ಕೈಯಿಂದ ಬಡಗಿತನ ಮಾಡಲಾರನಾದ್ದರಿಂದ ಅವನದು ಪೂರ್ಣ ವೈಕಲ್ಯವೆಂದೂ, ಪರಿಹಾರ ತೆರುವ ಹೊಣೆ ಅಪಘಾತವಾದ ದಿನವೇ ಹುಟ್ಟುತ್ತದೆಂದೂ ಅದು ತೀರ್ಮಾನಿಸಿತು.

ಗಾಯವಾದ ದಿನವೇ ಹುಟ್ಟುವ ಹೊಣೆ ಎಂದರೆ ಅದು ಋಣ; ಮನಸ್ಸು ಕರಗಿದಾಗ ಕೊಡುವ ದಾನ ಬೇರೆ. ಹಳ್ಳಿಗಳಲ್ಲಿ ಇಂಥ ಪ್ರಕರಣಗಳು ಹಿರಿಯರ ಮುಂದೆ ರಾಜಿಯಾಗಿ, ಮಾಲೀಕನು ಕೊಟ್ಟಷ್ಟು ಅವನ ಧರ್ಮವೆಂಬಂತೆ ಮುಗಿದುಹೋಗುವುದುಂಟು. ಕಾಯ್ದೆ ಈ ಧರ್ಮವನ್ನು ಒಪ್ಪುವುದಿಲ್ಲ: ಸಾವಿನ ಪರಿಹಾರವನ್ನು ಕಾಯ್ದೆಯಡಿ ನೇಮಕಗೊಂಡ ಆಯುಕ್ತರಲ್ಲಿಯೇ ಠೇವಣಿ ಇಡಬೇಕು, ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕರಾರು ಊರ್ಜಿತವಲ್ಲ, ಕೂಲಿಯವನು ಹಿಂದೆ ಪಡೆದ ಮುಂಗಡವನ್ನು ಪರಿಹಾರದಲ್ಲಿ ಮುರಿದುಕೊಳ್ಳುವಂತೆಯೂ ಇಲ್ಲ. ಕಲ್ಲುಗಣಿಗಳಲ್ಲಿ ಮುಂಗಡವೆಂಬುದು ಎಷ್ಟು ಜನರನ್ನು ಕಟ್ಟಿಹಾಕಿದೆಯೆಂದು ಬಲ್ಲವರಿಗೆ ಕೊನೆಯ ಮಾತಿನ ತೂಕ ತಿಳಿಯುತ್ತದೆ. ಪರಿಹಾರವು ಋಣವೆಂಬುದು ಹೊರಗಿನಿಂದ ತಂದ ಭಾವನೆಯೇನಲ್ಲ. ಶತಪಥ ಬ್ರಾಹ್ಮಣವು ದೇವ, ಋಷಿ, ಪಿತೃಗಳ ಋಣದೊಂದಿಗೆ ಮನುಷ್ಯರ ಋಣವನ್ನೂ ಹೇಳುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ಆಸೆಯಿಲ್ಲದಿರುವಿಕೆಯ ಆದರ್ಶವಾಗಿ ಹೇಳುವುದು ವಾಡಿಕೆ. ಆದರೆ ಸಲ್ಲದ್ದನ್ನು ಒಲ್ಲೆನೆನ್ನುವ ಆ ನಿಷ್ಠೆಯೊಳಗೆ ಸಲ್ಲುವುದರ ಖಚಿತವಾದ ಅಳತೆಯೂ ಇದೆ. ಇನ್ನೂ ಹತ್ತಿರದ್ದು ಮೇದಾರ ಕೇತಯ್ಯನ ಕಥೆ. ಬುಟ್ಟಿ ಹೆಣೆಯುವ ಕಾಯಕಕ್ಕೆಂದು ಬಿದಿರು ಕಡಿಯುವಾಗ ಬಿದಿರು ಎದೆಗೆ ನಾಟಿ ಅವನು ಮಡಿದನೆಂದೂ, ಸುದ್ದಿ ತಿಳಿದ ಬಸವಣ್ಣನು ತಾನೂ ಪ್ರಾಣ ಬಿಟ್ಟನೆಂದೂ ಶರಣರ ಚರಿತೆಗಳು ಹೇಳುತ್ತವೆ. ಆ ಸಾವನ್ನು ಕೇತಯ್ಯನ ಪ್ರಾರಬ್ಧವೆಂದು ಕೈತೊಳೆದುಕೊಳ್ಳದೆ, ಸಮುದಾಯದ ಹಿರಿಯನೇ ಅದರಲ್ಲಿ ಪಾಲುಗೊಂಡನೆಂದು ಕಲ್ಪಿಸಿದ ಪರಂಪರೆಯಲ್ಲಿ, ಪರಿಹಾರ ಕೇಳುವುದನ್ನು ಆಸೆಬುರುಕುತನವೆನ್ನಲು ಆಧಾರವಿಲ್ಲ.

ಸಿಲಿಕೋಸಿಸ್, ಅಂದರೆ ಕಲ್ಲಿನ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ರೋಗ, ಈ ಋಣವನ್ನು ಜಟಿಲಗೊಳಿಸುತ್ತದೆ, ಏಕೆಂದರೆ ಅದು ವರ್ಷಗಳ ಮೇಲೆ, ನಾಲ್ಕಾರು ಗಣಿಗಳಲ್ಲಿ ದುಡಿದಾದ ಬಳಿಕ ಕಾಣಿಸಿಕೊಳ್ಳುತ್ತದೆ. ಕಾಯ್ದೆ ಇದನ್ನು ವೃತ್ತಿರೋಗವೆಂದು ಪರಿಗಣಿಸಿ ಹೊಣೆಯನ್ನು ಹಲವು ಮಾಲೀಕರಿಗೆ ಹಂಚಲು ಅವಕಾಶ ಕೊಟ್ಟರೂ, ಹೆಸರು ಬರೆಯದ ಹಾಜರಿ ಪುಸ್ತಕದಿಂದ ಅದನ್ನು ಸಾಧಿಸಿ ತೋರಿಸುವುದು ಕಷ್ಟ. ಹತ್ತು ಮಂದಿ ಅಥವಾ ಹೆಚ್ಚು ನೌಕರರಿರುವ, ನೌಕರರ ರಾಜ್ಯ ವಿಮಾ ಯೋಜನೆಗೆ ಸೇರಿದ ಕಾರ್ಖಾನೆಯಲ್ಲಿ ವಿಮಾ ನಿಗಮವೇ ತೆರುತ್ತದೆ. ಮನೆಯಲ್ಲೇ ನಡೆಯುವ ನೂಲು ಬಿಚ್ಚಣಿಕೆಗೆ ಆ ಆಸರೆ ಸಾಮಾನ್ಯವಾಗಿ ಇಲ್ಲ. 1923ರ ಕಾಯ್ದೆಯ ತತ್ತ್ವಗಳು ಈಗ, 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯಕ್ಕೆ ಸೇರಿದ್ದು, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ, ಕೆಲಸದೊಂದಿಗೆ ಅದರ ಸಂಬಂಧ ಸಾಬೀತಾದರೆ, ಆ ಅಧ್ಯಾಯ ಒಳಗೊಂಡಿದೆ. ಗಾಯವಾದ ಕೂಡಲೇ ಮಾಲೀಕನಿಗೆ ಬರಹದಲ್ಲಿ ತಿಳಿಸಿ, ಆಸ್ಪತ್ರೆಯ ಚೀಟಿಯಲ್ಲಿ ಕೆಲಸದ ಜಾಗವನ್ನು ನಮೂದಿಸುವಂತೆ ಕೇಳಿ, ಕೂಲಿ ಪಡೆದ ಯಾವ ಕಾಗದವಿದ್ದರೂ ಅದನ್ನು ಇಟ್ಟುಕೊಳ್ಳುವಷ್ಟನ್ನು ಸಾತನೂರಿನ ಪ್ರತಿಯೊಂದು ಕಾರ್ಮಿಕ ಕುಟುಂಬವೂ ಮಾಡಬೇಕು, ಖಾಲಿ ಕಾಗದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತಬಾರದು.